ಯಾರ ತ್ಯಾಗ, ಯಾರ ಚಪ್ಪಾಳೆ?

ನಾಡು ಯುದ್ಧದಲ್ಲಿ ತೊಡಗಿರುವಾಗ ಆರೋಗ್ಯವಂತ ಯುವಕನೊಬ್ಬ ಮೈದಾನದಲ್ಲಿ ಚೆಂಡಾಡುತ್ತಿರುವುದು ಸರಿಯೇ? "ನೀನೇಕೆ ಇನ್ನೂ ಹೊರಟಿಲ್ಲ?" ಎಂದು ಅವನನ್ನು ಕೇಳುವ ಹಕ್ಕು ಯಾರಿಗಿದೆ? ಆಟದ ಬಗೆಗಿನ ಪ್ರಶ್ನೆಯಂತೆ ತೋರುವ ಇದರೊಳಗೆ ತ್ಯಾಗವನ್ನು ಕುರಿತ ಹಿರಿದಾದ ಪ್ರಶ್ನೆಯೊಂದು ಅಡಗಿದೆ.

ಬೀದರಿನವರಾದ ನಮಗೆ ಸೇನೆ ದೂರದ ಮಾತಲ್ಲ. ಇಲ್ಲಿಯ ವಾಯುಸೇನಾ ನೆಲೆಯಲ್ಲಿ ತರಬೇತಿ ಪಡೆಯುವ ಯುವಕರ ವಿಮಾನಗಳ ಸದ್ದು ನಮ್ಮ ಕಿವಿಗೆ ನಿತ್ಯದ್ದಾಗಿದೆ. ಸೇನೆಗೆ ಸೇರುವ ಆಸೆಯಿಂದ ಬೆಳಗಿನ ಜಾವ ರಸ್ತೆಯಲ್ಲಿ ಓಡುವ ಹುಡುಗರನ್ನು ಭಾಲ್ಕಿಯಲ್ಲಿಯೋ ಔರಾದಿನಲ್ಲಿಯೋ ನೀವು ಕಂಡಿರಬಹುದು.

ಬೀದರ್ ಹೈದರಾಬಾದ್ ಸಂಸ್ಥಾನದ ಜಿಲ್ಲೆಯಾಗಿದ್ದ ಕಾಲದಲ್ಲಿ, 1935ರಲ್ಲಿ, ಆ ಸಂಸ್ಥಾನದ ರಾಜಧಾನಿಯಲ್ಲಿ ಜನಿಸಿದವರು ಪೀಟರ್ ತಂಗರಾಜ್. ಅವರು ಸೈನ್ಯಕ್ಕೆ ಸೇರಿ, ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿರುವ ಮದ್ರಾಸ್ ರೆಜಿಮೆಂಟಲ್ ಸೆಂಟರ್ ತಂಡದ ಗೋಲಿಯಾದರು. ಸಿಪಾಯಿಗಳ ಆ ಫುಟ್ಬಾಲ್ ತಂಡ 1955ರಲ್ಲಿಯೂ 1958ರಲ್ಲಿಯೂ ಡ್ಯುರಾಂಡ್ ಕಪ್ ಗೆದ್ದಿತು. 1962ರ ಸೆಪ್ಟೆಂಬರ್ 4ರಂದು ಜಕಾರ್ತಾದಲ್ಲಿ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದ ಭಾರತ ತಂಡದಲ್ಲಿಯೂ ತಂಗರಾಜ್ ಇದ್ದರು. ಅದಾಗಿ ಏಳು ವಾರಗಳೂ ಕಳೆದಿರಲಿಲ್ಲ. ಅಕ್ಟೋಬರ್ 20ರಂದು ಚೀನಾದೊಡನೆ ಯುದ್ಧ ಆರಂಭವಾಯಿತು. ಆ ವರ್ಷ ಡ್ಯುರಾಂಡ್ ಕಪ್ ನಡೆಯಲಿಲ್ಲ. ಸೈನಿಕನಿಗೆ ಆಟವೂ ಸೇವೆಯ ಒಂದು ಅಂಗ; ನಿಲ್ಲಬೇಕಾದಾಗ ಅದು ನಿಂತಿತು.

ಆದರೆ ಆಟಗಾರನು ಸೈನಿಕನಾಗಿರದಿದ್ದರೆ? ಈ ಪ್ರಶ್ನೆಯನ್ನು 1914ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರ ಎದುರಿಸಬೇಕಾಯಿತು. ಅಲ್ಲಿಯ ಹಾರ್ಟ್ಸ್ ಫುಟ್ಬಾಲ್ ತಂಡ ಆ ವರ್ಷ ಲೀಗಿನ ಮೊದಲ ಎಂಟು ಪಂದ್ಯಗಳನ್ನೂ ಗೆದ್ದು ಮುಂದಿತ್ತು. ಮಹಾಯುದ್ಧ ಆರಂಭವಾಗಿ ಕೆಲವೇ ತಿಂಗಳಾಗಿದ್ದವು. ಆಗ ಪತ್ರಿಕೆಗೆ ಬಂದ ಓಲೆಯೊಂದು ಆ ತಂಡಕ್ಕೆ 'ಬಿಳಿಗರಿ' ಎಂಬ ಹೆಸರಿಡಬೇಕೆಂದು ಹಂಗಿಸಿತು. ಬಿಳಿಯ ಗರಿಯೆಂದರೆ ಆ ನಾಡಿನಲ್ಲಿ ಹೇಡಿತನದ ಗುರುತು. ನವೆಂಬರ್ ಮುಗಿಯುವುದರೊಳಗೆ ತಂಡದ ಹನ್ನೊಂದು ಮಂದಿ ಸರ್ ಜಾರ್ಜ್ ಮೆಕ್ರೇ ಕಟ್ಟುತ್ತಿದ್ದ ದಳಕ್ಕೆ ಹೆಸರು ಬರೆಯಿಸಿದರು. ಸೈನಿಕ ತರಬೇತಿಯ ದಣಿವಿನ ನಡುವೆಯೇ ಪಂದ್ಯಗಳನ್ನೂ ಆಡಿದ ಅವರು ಕೊನೆಗೆ ನಾಲ್ಕು ಅಂಕಗಳಿಂದ ಪ್ರಶಸ್ತಿ ಕಳೆದುಕೊಂಡರು.

ಕಳೆದುಕೊಳ್ಳುವುದು ಇನ್ನೂ ಬಹಳವಿತ್ತು. 1916ರ ಜುಲೈ 1ರಂದು, ಸೋಮ್ ಕದನದ ಮೊದಲ ದಿನವೇ, ಹ್ಯಾರಿ ವಾಟಿ, ಡಂಕನ್ ಕರಿ, ಅರ್ನೆಸ್ಟ್ ಎಲ್ಲಿಸ್ ಎಂಬ ಮೂವರು ಮಡಿದರು. ಟಾಮ್ ಗ್ರೇಸಿ ಅದಕ್ಕೂ ಮೊದಲೇ, 1915ರಲ್ಲಿ, ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಯುದ್ಧ ಮುಗಿಯುವ ಹೊತ್ತಿಗೆ ಸೈನ್ಯ ಸೇರಿದ್ದ ಹಾರ್ಟ್ಸ್ ಆಟಗಾರರಲ್ಲಿ ಏಳು ಮಂದಿ ಇರಲಿಲ್ಲ. 1922ರಲ್ಲಿ ಹಾರ್ಟ್ಸ್ ಕ್ಲಬ್ ಅವರಿಗೆ ಸ್ಮಾರಕ ನಿಲ್ಲಿಸಿತು.

ಇಲ್ಲಿ ಎರಡು ಬಗೆಯ ಕರೆಗಳನ್ನು ಗಮನಿಸಿರಿ. ಒಂದು, ಓಲೆಯ ಕರೆ: ಬರೆದು ಕಳುಹಿಸಿದರೆ ಬರೆದವರ ಪಾಲಿನ ಕೆಲಸ ಮುಗಿಯಿತು. ಇನ್ನೊಂದು, ಮೆಕ್ರೇ ಅವರ ಕರೆ. ಐವತ್ತು ದಾಟಿದ ಆ ಮನುಷ್ಯ ತಾನು ಕರೆದ ಹುಡುಗರ ನಾಯಕನಾಗಿ ರಣರಂಗಕ್ಕೂ ನಡೆದರು. ಎರಡು ಕರೆಗಳೂ ಕೇಳಿದ್ದು ಪ್ರಾಣವನ್ನೇ. ಆದರೆ ಎರಡನೆಯದರಲ್ಲಿ ಕೇಳಿದವನ ಪ್ರಾಣವೂ ಪಣಕ್ಕಿತ್ತು.

"ನೆರೆಮನೆಯ ಮಗ ಕಂದಕದಲ್ಲಿ ಸಾಯುತ್ತಿರುವಾಗ ಇವನು ಹಣಕ್ಕಾಗಿ ಆಡಬಹುದೇ?" ಎಂದು ಒಬ್ಬ ತಾಯಿ ಕೇಳಿದರೆ ಆ ಮಾತನ್ನು ತಳ್ಳಿಹಾಕಲಾಗದು. ಅದರ ಹಿಂದೆ ನೋವಿದೆ, ನ್ಯಾಯವೂ ಇದೆ. ಹೊರೆ ಎಲ್ಲರ ಹೆಗಲಿಗೂ ಬರಬೇಕೆಂಬುದು ಸರಿಯಾದ ಆಸೆಯೇ. ಆದರೂ ಹೊರೆ ಹಂಚಿಕೊಳ್ಳುವುದು ಬೇರೆ, ನಾಚಿಕೆಪಡಿಸಿ ಹೊರಿಸುವುದು ಬೇರೆ. ತ್ಯಾಗವೆಂಬುದು ಕೊಡುವವನ ಸ್ವತ್ತು. ಹಂಗಿಸಿ ಪಡೆದರೆ ಕೊಟ್ಟವನ ಹಿರಿಮೆ ಕುಂದದು. ಪಡೆದವನ ಸಾಲ ಮಾತ್ರ ಬೆಳೆಯುತ್ತದೆ.

ದಾವೀದನ ಕಥೆ ನಿಮಗೆ ಗೊತ್ತು. ಬೇತ್ಲೆಹೇಮಿನ ಬಾವಿಯ ನೀರಿಗೆ ಅವನು ಆಸೆಪಟ್ಟಾಗ ಮೂವರು ವೀರರು ಶತ್ರುಗಳ ಪಾಳೆಯವನ್ನು ಭೇದಿಸಿ ತಂದುಕೊಟ್ಟರು. ಅವನು ಅದನ್ನು ಕುಡಿಯದೆ ದೇವರಿಗೆ ಅರ್ಪಿಸಿ ನೆಲಕ್ಕೆ ಹೊಯ್ದನು. ಆ ನೀರಿನಲ್ಲಿ ಅವನಿಗೆ ಮೂವರ ರಕ್ತ ಕಂಡಿತು. ತನ್ನ ಬಾಯಿಂದ ಸಲೀಸಾಗಿ ಹೊರಟ ಮಾತಿಗೆ ಇತರರು ತೆರಬಹುದಾಗಿದ್ದ ಬೆಲೆಯನ್ನು ಅವನು ಅರಿತನು.

ಆ ಅರಿವು ನಮ್ಮಲ್ಲಿದೆಯೇ? ಗಡಿಯಲ್ಲಿ ಗುಂಡಿನ ಸದ್ದು ಕೇಳಿದೊಡನೆ ನಮ್ಮ ಜಗಲಿಗಳಲ್ಲಿ ಯುದ್ಧದ ಮಾತು ಬಿರುಸಾಗುತ್ತದೆ. ಹಾಗೆ ಮಾತನಾಡುವವರಲ್ಲಿ ಎಷ್ಟು ಮಂದಿಯ ಮಕ್ಕಳು ಸೇನೆಯಲ್ಲಿದ್ದಾರೆ? ರಜೆಯಲ್ಲಿ ಬಂದ ಯೋಧನಿಗೆ ಹಾರ ಹಾಕುತ್ತೇವೆ, ಒಳ್ಳೆಯದೇ. ಆದರೆ ಅವನು ನಿವೃತ್ತನಾಗಿ ಕಾಗದಪತ್ರ ಹಿಡಿದು ತಹಶೀಲ್ದಾರರ ಕಚೇರಿಗೆ ಅಲೆಯುವಾಗ ಜೊತೆಗೆ ಹೋಗುವವರಾರು? ಅವನು ಗಡಿಯಲ್ಲಿರುವಾಗ ಅವನ ವೃದ್ಧ ತಂದೆತಾಯಿಯರನ್ನು ಆಸ್ಪತ್ರೆಗೆ ಕರೆದೊಯ್ಯುವವರಾರು? ಸ್ಮಾರಕದ ಕಲ್ಲು ಸತ್ತವರನ್ನು ನೆನೆಯುತ್ತದೆ; ಬದುಕಿ ಬಂದವರನ್ನು ನೆನೆಯಬೇಕಾದವರು ನೆರೆಹೊರೆಯವರು.

ಆದುದರಿಂದ, ಪ್ರಿಯರೇ, ಚಪ್ಪಾಳೆ ತಟ್ಟುವ ಕೈಗಳು ಹೊರೆ ಎತ್ತಲೂ ಕಲಿಯಲಿ. ನಮ್ಮೂರಿನ ಹುಡುಗನು ಸೇನೆಗೆ ಹೊರಟರೆ ಹರಸೋಣ. ಹೊರಡದೆ ಹೊಲದಲ್ಲಿಯೋ ಅಂಗಡಿಯಲ್ಲಿಯೋ ಮೈದಾನದಲ್ಲಿಯೋ ಉಳಿದರೆ ಅವನ ಎದೆಯಲ್ಲಿ ಧೈರ್ಯವಿಲ್ಲವೆಂದು ತೀರ್ಪು ಕೊಡದಿರೋಣ. "ನೀನೇಕೆ ಹೋಗಲಿಲ್ಲ?" ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂದಾಗ, ಹೋದವನ ಮನೆಗೆ ನಾನೊಮ್ಮೆಯಾದರೂ ಹೋಗಿದ್ದೇನೆಯೇ ಎಂದು ಮೊದಲು ನಮ್ಮನ್ನೇ ಕೇಳಿಕೊಳ್ಳೋಣ.