ಇಂದಿನ ಧಮ್ಮ ಚಿಂತನೆ: ನನಗೆ ಗೊತ್ತಿರುವುದೆಷ್ಟು?



ಮನುಷ್ಯ ಅನುಭವಿಸುವುದೆಲ್ಲ ಹಿಂದೆ ಮಾಡಿದ್ದರ ಫಲವೇ? ಸಂಯುತ್ತ ನಿಕಾಯದಲ್ಲಿ ಮೋಳಿಯ ಸೀವಕ ಎಂಬ ಪರಿವ್ರಾಜಕ ಬುದ್ಧರನ್ನು ಹೀಗೆ ಕೇಳುತ್ತಾನೆ. ಪಿತ್ತ, ಕಫ, ವಾತ, ಋತುಮಾನ ಎಂದು ಬುದ್ಧರು ಕಾರಣಗಳನ್ನು ಎಣಿಸುತ್ತಾರೆ. ಕರ್ಮಫಲ ಆ ಪಟ್ಟಿಯ ಕೊನೆಗೆ, ಎಂಟರಲ್ಲಿ ಒಂದು. ಎಲ್ಲಕ್ಕೂ ಅದೊಂದನ್ನೇ ಹೇಳುವವರು ತಾವು ತಿಳಿದದ್ದನ್ನು ಮೀರಿ ಮಾತಾಡುತ್ತಾರೆ ಎನ್ನುತ್ತಾರೆ. ಪೂರ್ವಜನ್ಮದ ಕರ್ಮದ ವಾದವನ್ನು ಬಾಬಾಸಾಹೇಬರು ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಯಾಕೆ ತಳ್ಳಿಹಾಕಿದರು ಎಂಬುದು ನಮಗೆಲ್ಲ ಗೊತ್ತೇ ಇದೆ.

ಈ ಮಾತು ನನಗೆ ಈಗ ನೆನಪಾಗಲು ಕಾರಣವಿದೆ. ನನಗೆ ಮೈಲೋಮಾ, ಅಂದರೆ ಅಸ್ಥಿಮಜ್ಜೆಯ ಕ್ಯಾನ್ಸರ್. ಸ್ಟೆಮ್ ಸೆಲ್ ಕಸಿಯಾದ ಮೇಲೆ ರಿಪೋರ್ಟಿನಲ್ಲಿ ರೋಗದ ಪ್ರೋಟೀನ್ ಕಾಣೆಯಾಗಿತ್ತು. ಡಾರಾಟುಮುಮ್ಯಾಬ್ ಇಂಜೆಕ್ಷನ್ ನಡೆಯುತ್ತಿದೆ. ಕಳೆದ ತಿಂಗಳ ರಿಪೋರ್ಟಿನಲ್ಲಿ ಮತ್ತೊಂದು ತೆಳು ಪಟ್ಟಿ: ಐಜಿಜಿ ಕಪ್ಪಾ.

“ಯಾವ ಜನ್ಮದ ಕರ್ಮವೋ ಮಗಾ, ತಿರುಗಿ ಬಂತಲ್ಲ” ಎಂದರು ದೊಡ್ಡಮ್ಮ. “ಏನೂ ಇಲ್ಲ ಬಿಡಣ್ಣ” ಎಂದ ತಮ್ಮ. ಇಬ್ಬರದೂ ಪ್ರೀತಿಯೇ. ಆದರೆ ದೊಡ್ಡಮ್ಮನ ಭಯದಷ್ಟೇ ತಮ್ಮನ ಸಮಾಧಾನವೂ ತಿಳಿದದ್ದನ್ನು ಮೀರಿತ್ತು. ಇದನ್ನು ನಾವು ಸುಲಭವಾಗಿ ಗಮನಿಸುವುದಿಲ್ಲ.

ತಿಳಿದಿರುವುದು ಇಷ್ಟು. ನನ್ನ ಮೂಲ ರೋಗದ ಪ್ರೋಟೀನ್ ಐಜಿಜಿ ಲ್ಯಾಂಬ್ಡಾ. ಹೊಸ ಪಟ್ಟಿ ಕಪ್ಪಾ. ಡಾರಾಟುಮುಮ್ಯಾಬ್ ಔಷಧವೇ ಒಂದು ಐಜಿಜಿ ಕಪ್ಪಾ ಪ್ರತಿಕಾಯ, ರಕ್ತದಲ್ಲಿರುವ ಔಷಧವೇ ಪಟ್ಟಿಯಾಗಿ ಕಾಣಿಸಬಹುದು. ಕಸಿಯ ನಂತರ ರೋಗನಿರೋಧಕ ಶಕ್ತಿ ಚೇತರಿಸಿಕೊಳ್ಳುವಾಗಲೂ ಇಂಥ ಪಟ್ಟಿಗಳು ಕೆಲಕಾಲ ಕಾಣುವುದುಂಟು. ರೋಗ ಮರಳಿದರೆ ಸಾಮಾನ್ಯವಾಗಿ ಹಳೆಯ ಬಗೆಯ ಪ್ರೋಟೀನೇ ಮರಳುತ್ತದೆ. ಸಾಮಾನ್ಯವಾಗಿ ಅಷ್ಟೇ, ಯಾವಾಗಲೂ ಅಲ್ಲ. ಅದಕ್ಕೇ ವೈದ್ಯರು ಫ್ರೀ ಲೈಟ್ ಚೈನ್ ಪರೀಕ್ಷೆಯನ್ನೂ ಬರೆದು, ಮತ್ತೆ ರಕ್ತ ಕೊಡಲು ಹೇಳಿದ್ದಾರೆ.

ದೊಡ್ಡಮ್ಮನಿಗೆ ‘ಏನಿಲ್ಲ’ ಎಂದಿದ್ದರೆ ಆ ರಾತ್ರಿ ಅವರಿಗೆ ನಿದ್ದೆ ಬರುತ್ತಿತ್ತು. ಆದರೆ ನಾಲ್ಕನೆಯ ಶೀಲದಲ್ಲಿ ಮನೆಯವರ ನೆಮ್ಮದಿಗೆಂದು ರಿಯಾಯಿತಿ ಇದೆ ಎಂದು ನನಗನ್ನಿಸುವುದಿಲ್ಲ. ನಾಳೆ ನಿಜವಾಗಿಯೂ ಏನೂ ಇಲ್ಲದಿದ್ದಾಗ ನನ್ನ ಮಾತನ್ನು ಅವರು ನಂಬಬೇಕಲ್ಲ? “ಔಷಧದ್ದೇ ಇರಬಹುದು ದೊಡ್ಡಮ್ಮ, ಇನ್ನೂ ಖಾತ್ರಿಯಿಲ್ಲ” ಎಂದೆ. ಭಯ ನನಗೂ ಇದೆ, ಅದನ್ನೂ ಹೇಳಿದೆ.

ಬಂಧುಗಳಲ್ಲಿ ಯಾರಾದರೂ ಇದೇ ಔಷಧದಲ್ಲಿದ್ದರೆ ಒಂದು ಮಾತು. ಮೊದಲ ರಿಪೋರ್ಟನ್ನು ಜೋಪಾನವಾಗಿಡಿ, ಲ್ಯಾಬಿನವರಿಗೆ ಔಷಧದ ಹೆಸರು ಹೇಳಿ. ರಕ್ತ ಏರಿಸಬೇಕಾಗಿ ಬಂದರೆ ಬ್ಲಡ್ ಬ್ಯಾಂಕಿಗೂ ಮೊದಲೇ ತಿಳಿಸಿ. ಕ್ರಾಸ್ ಮ್ಯಾಚ್ ಪರೀಕ್ಷೆಯಲ್ಲೂ ಇದು ಗೊಂದಲ ತರುತ್ತದೆ.