ಸೋಲುವವರ ಜೊತೆ ಕೂತ ಸಂಜೆಗಳು

ಏಪ್ರಿಲ್ ತಿಂಗಳಲ್ಲಿ ಯಲವಿಗಿಯ ಸಂಜೆ ತಡವಾಗಿ ಇಳಿಯುತ್ತದೆ. ಹತ್ತಿ ಕಟ್ಟಿಗೆ ಕಿತ್ತು ಬರಿದಾದ ಎರೆ ಹೊಲಗಳು ಹಗಲೆಲ್ಲ ಕುಡಿದ ಬಿಸಿಲನ್ನು ತಮ್ಮ ಬಿರುಕುಗಳಿಂದ ನಿಧಾನಕ್ಕೆ ಹೊರಗೆ ಬಿಡುತ್ತಿರುವಾಗ, ಬೇವಿನ ಹೂವಿನ ನವಿರು ಕಹಿಗಂಪು ಆ ಬಿಸಿಯೊಳಗೆ ಬೆರೆಯುತ್ತಿರುವಾಗ, ಹುಬ್ಬಳ್ಳಿ ಕಡೆಯಿಂದ ಬಂದ ಪ್ಯಾಸೆಂಜರ್ ಗಾಡಿ ನಾಲ್ಕಾರು ಮಂದಿಯನ್ನು ಇಳಿಸಿ ಹಾವೇರಿಯ ದಿಕ್ಕಿಗೆ ಸರಿದುಹೋದ ಮೇಲೆ, ಕಟ್ಟೆಗಳ ಮೇಲೆ ಒಂದೊಂದಾಗಿ ಮೊಬೈಲಿನ ಬೆಳಕು ಹೊತ್ತಿಕೊಳ್ಳುತ್ತದೆ. ಒಂದು ಬೆಳಕಿಗೆ ನಾಲ್ಕೈದು ಮುಖ. ಹೊಲದಿಂದ ಬಂದ ಕೈಕಾಲಿನ ಮಣ್ಣು ಇನ್ನೂ ಪೂರ್ತಿ ಹೋಗಿಲ್ಲ, ಚಹಾದ ಕಪ್ಪು ಪಕ್ಕದಲ್ಲೇ ಆರುತ್ತಿದೆ, ದೂರದ ಬೆಂಗಳೂರಿನ ಒಂದು ಹಸಿರು ಮೈದಾನ ಅಂಗೈಯಗಲದ ಗಾಜಿನಲ್ಲಿ ಬಂದು ನಿಂತಿದೆ. ಈ ಸಲ ಕಪ್ ನಮ್ದ ಅಂತ ಯಾರೋ ಅನ್ನುತ್ತಾರೆ, ಉಳಿದವರು ಹೌದೆನ್ನುತ್ತಾರೆ, ವರ್ಷ ವರ್ಷವೂ ಅಷ್ಟೇ ಹೊಸದಾಗಿ.

ಆರ್‌ಸಿಬಿ ಎಂಬ ಕ್ರಿಕೆಟ್ ತಂಡದ ಸೋಲುಗಳನ್ನು ನಮ್ಮ ಕಡೆಯ ಹುಡುಗರು ವಂಶಾವಳಿಯಂತೆ ಬಾಯಲ್ಲೇ ಇಟ್ಟುಕೊಂಡಿದ್ದಾರೆ. 2008ರ ಮೊದಲ ವರ್ಷ ದ್ರಾವಿಡ್ ನಾಯಕತ್ವದಲ್ಲಿ ಎಂಟು ತಂಡಗಳಲ್ಲಿ ಏಳನೆಯ ಸ್ಥಾನ. ಮರುವರ್ಷ ಜೋಹಾನ್ಸ್‌ಬರ್ಗಿನ ಫೈನಲ್‌ನಲ್ಲಿ ಕುಂಬ್ಳೆ 16 ರನ್ನಿಗೆ 4 ವಿಕೆಟ್ ಕಿತ್ತರೂ ತಂಡ 6 ರನ್ನಿನಿಂದ ಸೋತಿತು. 2011ರಲ್ಲಿ ಚೆನ್ನೈಯಲ್ಲಿ 58 ರನ್ನಿನ ಸೋಲು. 2016ರಲ್ಲಿ ನಮ್ಮದೇ ಚಿನ್ನಸ್ವಾಮಿ ಮೈದಾನದಲ್ಲಿ ಗೇಲ್, ಕೊಹ್ಲಿ ಮೊದಲ ವಿಕೆಟ್ಟಿಗೆ 114 ಸೇರಿಸಿಕೊಟ್ಟ ಮೇಲೂ, ದಡ ಕಣ್ಣೆದುರು ಕಂಡ ಮೇಲೂ, 8 ರನ್ನು ಸಾಲದೇ ಹೋಯಿತು. ಅದರ ಮರುವರ್ಷ ಕೋಲ್ಕತ್ತದಲ್ಲಿ 49ಕ್ಕೆ ಎಲ್ಲರೂ ಔಟು. ಇದನ್ನೆಲ್ಲ ಹೇಳುವಾಗ ಆ ಹುಡುಗರ ದನಿಯಲ್ಲಿ ಕಹಿ ಇರುವುದಿಲ್ಲ. ನೋವಿರುತ್ತದೆ, ಆ ನೋವಿನ ಕೆಳಗೆ ಹೆಸರಿಡಲಾಗದ ಒಂದು ಮಮತೆ ಇರುತ್ತದೆ. ನಾನು ಬೆರಗಾಗಿ ಕೂತು ಕೇಳುವುದು ಆ ಮಮತೆಯನ್ನು.

ಬೇರೆ ತಂಡ ಹಿಡಿಯಬಾರದೇನೋ ಎಂದು ಒಬ್ಬನನ್ನು ಕೇಳಿದೆ. ಅವನು ಮುಖ ಎತ್ತದೆಯೇ, "ನಮ್ಮವ್ರ ಅದಾರ್ರೀ ಸರ, ಸೋತ್ರು ಅಂತ ಬಿಟ್ಟ ಬಿಡಾಕ ಬರ್ತೈತೇನ್ರೀ?" ಅಂದ. ಕ್ರೈಸ್ತನಾದ ನನಗೆ ಆ ಮಾತು ಕೇಳಿದೊಡನೆ ಯೇಸುಸ್ವಾಮಿಯನ್ನು ಶಿಲುಬೆಗೇರಿಸಿದ ಗೊಲ್ಗೊಥದ ದಿಬ್ಬ ಕಣ್ಣಿಗೆ ಕಟ್ಟಿತು. ಹೊಸನ್ನ ಎಂದು ಕೂಗಿದ ಜನಜಂಗುಳಿ ಕರಗಿಹೋದ ಮೇಲೆ, ಗೆಲ್ಲುವ ಲಕ್ಷಣ ಒಂದೂ ಉಳಿಯದ ಆ ಮಧ್ಯಾಹ್ನದಲ್ಲಿ, ಕೆಲವು ಹೆಂಗಸರು ಮತ್ತು ಒಬ್ಬ ಶಿಷ್ಯ ಶಿಲುಬೆಯ ಹತ್ತಿರ ಸುಮ್ಮನೆ ನಿಂತಿದ್ದರು. ಅವರ ಕೈಲಿ ಏನೂ ಆಗುವಂತಿರಲಿಲ್ಲ. ಆದರೂ ನಿಂತಿದ್ದರು. ಆಟವೊಂದನ್ನು ಆ ದಿಬ್ಬದ ಸಮಕ್ಕೆ ಏರಿಸುವ ಮನಸ್ಸು ನನಗಿಲ್ಲ. ಆದರೆ ಕೂಲಿ ಕೇಳದ ಪ್ರೀತಿ ಎಲ್ಲಿ ಕಂಡರೂ ಅದರ ಬೇರು ಒಂದೇ ಎಂದು ನಂಬಿದ್ದೇನೆ.

ಐಪಿಎಲ್ ಬರುವುದೂ ಶ್ರಮೆಯ ವಾರ ಬರುವುದೂ ಒಂದೇ ಬಿಸಿಲಿನಲ್ಲಿ. ಶುಭ ಶುಕ್ರವಾರ ಬೆಳಿಗ್ಗೆ ಗುಡಗೇರಿ, ಕುಂದಗೋಳಗಳನ್ನು ದಾಟಿ ಹುಬ್ಬಳ್ಳಿಗೆ ಹೋಗುತ್ತೇನೆ. ಬಾಸೆಲ್ ಮಿಷನ್ನಿನವರು 1839ರಲ್ಲೇ ಬಂದು ನೆಲೆ ನಿಂತ ಊರು ಅದು. ಹನ್ನೆರಡರಿಂದ ಮೂರರವರೆಗೆ ಯೇಸುಸ್ವಾಮಿ ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಆರಾಧನೆ ನಡೆಯುವಾಗ ಫ್ಯಾನಿನ ಸದ್ದು, ಸೆರಗಿನಿಂದ ಬೆವರು ಒರೆಸಿಕೊಳ್ಳುವ ಅಜ್ಜಿಯರು, ಹೂವಿಲ್ಲದ ಬಲಿಪೀಠ, ಎರಡು ಮಾತುಗಳ ನಡುವೆ ಕವಿಯುವ ನಿಶ್ಶಬ್ದ, ಎಲ್ಲವೂ ಸೇರಿ ಮೈಯೊಳಗೆ ಏನನ್ನೋ ಇಳಿಬಿಡುತ್ತವೆ. ಸಂಜೆಯ ಗಾಡಿಯಲ್ಲಿ ಮರಳುವಾಗಲೂ ಆ ನಿಶ್ಶಬ್ದ ಜೊತೆಯಲ್ಲೇ ಬರುತ್ತದೆ. 2024ರ ಮಾರ್ಚ್ 29 ಶುಭ ಶುಕ್ರವಾರ. ಆ ರಾತ್ರಿ ಚಿನ್ನಸ್ವಾಮಿಯಲ್ಲಿ ಕೊಹ್ಲಿ 83 ಹೊಡೆದು ಔಟಾಗದೆ ಉಳಿದರೂ ಕೋಲ್ಕತ್ತ 7 ವಿಕೆಟ್‌ಗಳಿಂದ ಗೆದ್ದಿತು. 2025ರ ಶುಭ ಶುಕ್ರವಾರ ಏಪ್ರಿಲ್ 18ಕ್ಕೆ ಬಂತು. ಅದೇ ಮೈದಾನ, ಮಳೆ ಬಂದು 14 ಓವರಿಗೆ ಇಳಿದ ಆಟ, ಸಾಲಾಗಿ ಬಿದ್ದ ವಿಕೆಟ್ಟುಗಳ ನಡುವೆ ಟಿಮ್ ಡೇವಿಡ್ ಒಬ್ಬನೇ ನಿಂತು ಹೊಡೆದ 50, ತಂಡದ ಮೊತ್ತ 95, ಪಂಜಾಬಿಗೆ 5 ವಿಕೆಟ್‌ಗಳ ಜಯ. ಕಟ್ಟೆಯ ಮೇಲೆ ಬೆಳಕು ಆರಿತು. ಯಾರೂ ಬಯ್ಯಲಿಲ್ಲ. ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಕತ್ತಲಲ್ಲಿ ಮನೆಗೆ ನಡೆದರು.

ಮರುದಿನ ಶನಿವಾರ. ಶಿಲುಬೆಯ ಮರುದಿನದ ಬಗ್ಗೆ ಸುವಾರ್ತೆಗಳು ಹೆಚ್ಚೇನೂ ಹೇಳುವುದಿಲ್ಲ. ಸಮಾಧಿಯ ಬಾಯಿಗೆ ಕಲ್ಲು, ಹೆಂಗಸರ ಮನೆಯಲ್ಲಿ ಸುಗಂಧದ್ರವ್ಯ, ಸಬ್ಬತ್ತಿನ ಮೌನ. ನಾನು 88ನೆಯ ಕೀರ್ತನೆ ಓದುತ್ತೇನೆ. ಗೋಳಿನ ಕೀರ್ತನೆಗಳಲ್ಲಿ ಹೆಚ್ಚಿನವು ಎಲ್ಲೋ ಒಂದು ಕಡೆ ಸ್ತುತಿಯತ್ತ ತಿರುಗಿಕೊಳ್ಳುತ್ತವೆ, ಇದು ಕತ್ತಲಲ್ಲೇ ಮುಗಿಯುತ್ತದೆ, ಹಾಗೆ ಮುಗಿಯಲು ಸತ್ಯವೇದ ಅದಕ್ಕೆ ಎಡೆ ಕೊಟ್ಟಿದೆ. ಸೋತವನ ಬಾಯಿಂದ ಅವಸರದ ಸಮಾಧಾನ ಹೊರಡಿಸದ ಈ ಔದಾರ್ಯ ನನಗೆ ದೊಡ್ಡದಾಗಿ ಕಾಣುತ್ತದೆ.

ಆ ವರ್ಷದ ಈಸ್ಟರ್ ಭಾನುವಾರ, ಏಪ್ರಿಲ್ 20ರ ಮಧ್ಯಾಹ್ನ, ಮುಲ್ಲನ್‌ಪುರದಲ್ಲಿ ಅದೇ ಪಂಜಾಬಿನ ಎದುರು ನಮ್ಮವರು 7 ವಿಕೆಟ್‌ಗಳಿಂದ ಗೆದ್ದರು. ದೇವರು ಸ್ಕೋರು ಬರೆಯುತ್ತಾನೆಂದು ನಾನು ನಂಬುವವನಲ್ಲ. ಪಂಜಾಬಿನಲ್ಲೂ ಚರ್ಚುಗಳಿವೆ, ಅಲ್ಲೂ ಆ ಬೆಳಿಗ್ಗೆ ಜನ ಹಾಡಿದ್ದಾರೆ. ಆದರೂ ಪಂಚಾಂಗದ ಆ ಮೂರು ದಿನಗಳನ್ನು ನೋಡುತ್ತ ಕೂತರೆ ಮನಸ್ಸು ತಾನಾಗಿ ಮೆತ್ತಗಾಗುತ್ತದೆ. ಬೆರಗಿಗೆ ಪುರಾವೆ ಬೇಡ.

ಜೂನ್ 3ರ ರಾತ್ರಿ, ರೋಹಿಣಿ ಮಳೆಯ ದಿನಗಳಲ್ಲಿ, ಅಹಮದಾಬಾದಿನ ಫೈನಲ್‌ನಲ್ಲಿ ಮತ್ತೆ ಪಂಜಾಬ್. ನಮ್ಮವರು 190, ಅವರು 184. ಜೋಹಾನ್ಸ್‌ಬರ್ಗಿನಲ್ಲಿ ಕಳೆದುಕೊಂಡದ್ದೂ ಆರು, ಇಲ್ಲಿ ಕೈಗೆ ಬಂದದ್ದೂ ಆರು. ಹದಿನೆಂಟನೆಯ ಋತು ಅದು. ಲೂಕನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಹದಿನೆಂಟು ವರ್ಷ ನಡು ಬಗ್ಗಿಹೋಗಿದ್ದ ಒಬ್ಬ ಹೆಂಗಸು ಬರುತ್ತಾಳೆ. ಅಷ್ಟು ವರ್ಷ ನೆಲವನ್ನೇ ನೋಡುತ್ತ ನಡೆದವಳು, ಜನರ ಪಾದಗಳಿಂದಲೇ ಜನರನ್ನು ಗುರುತಿಸಿದ್ದವಳು, ಆ ಸಬ್ಬತ್ ದಿನವೂ ಸಭಾಮಂದಿರದಲ್ಲಿದ್ದಳು. ಗುಣಮಾಡೆಂದು ಅವಳು ಕೇಳಿದಳೆಂದು ಲೂಕ ಬರೆದಿಲ್ಲ. ಯೇಸುಸ್ವಾಮಿಯೇ ಕಂಡು ಕರೆದರು, ಅವಳು ನೆಟ್ಟಗಾದಳು. ನಮ್ಮ ಸವಣೂರಿನ ದೊಡ್ಡಹುಣಸೆ ಮಠದ ಮೂರು ಮಹಾವೃಕ್ಷಗಳಲ್ಲಿ ಒಂದು 2023ರ ಮಳೆಗಾಲದಲ್ಲಿ ಬುಡಸಮೇತ ಉರುಳಿದಾಗ ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು; ಆ ಸುದ್ದಿ ಕೇಳಿದಾಗಲೂ ನನಗೆ ಇವಳೇ ನೆನಪಾಗಿದ್ದಳು. ಗೆದ್ದ ರಾತ್ರಿ ಯಲವಿಗಿಯ ಬೀದಿಯಲ್ಲಿ ಹುಡುಗರು ಕುಣಿದದ್ದಕ್ಕಿಂತ ಹೆಚ್ಚಾಗಿ, ಕುಣಿಯುವ ಮುನ್ನ ಅರೆಗಳಿಗೆ ನಂಬಲಾರದೆ ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು ನನ್ನಲ್ಲಿ ಉಳಿದಿದೆ. ನೆಟ್ಟಗಾದ ಆ ಹೆಂಗಸೂ ಹಾಗೆಯೇ ಮೊದಲು ಎದುರಿನವರ ಮುಖ ನೋಡಿರಬೇಕು.

ಮರುದಿನ ಸಂಜೆ ಚಿನ್ನಸ್ವಾಮಿಯ ಬಾಗಿಲುಗಳ ಬಳಿ ಕಾಲ್ತುಳಿತದಲ್ಲಿ ಹನ್ನೊಂದು ಮಂದಿ ತೀರಿಕೊಂಡರು. ತಂಡವನ್ನು ಒಮ್ಮೆ ಹತ್ತಿರದಿಂದ ನೋಡಬೇಕೆಂದು ಹೋದವರು. ಅವರು ಯಾಕೆ ಹೋಗಬೇಕಿತ್ತು ಎಂದು ಕೇಳಿದವರೂ ಇದ್ದರು, ಆ ಪ್ರಶ್ನೆ ನನಗೆ ಬಹಳ ನೋವು ಕೊಟ್ಟಿತು. ಲೂಕನ ಅದೇ 13ನೆಯ ಅಧ್ಯಾಯದ ಆರಂಭದಲ್ಲಿ, ಸಿಲೋವದ ಬುರುಜು ಬಿದ್ದು ಸತ್ತ ಹದಿನೆಂಟು ಜನರ ಮಾತು ಬರುತ್ತದೆ. ಸತ್ತವರು ಉಳಿದವರಿಗಿಂತ ಹೆಚ್ಚು ತಪ್ಪಿತಸ್ಥರಲ್ಲ ಎಂದು ಯೇಸುಸ್ವಾಮಿ ಖಚಿತವಾಗಿ ಹೇಳಿದರು. ಈ ಹನ್ನೊಂದು ಜನರೂ ಅಲ್ಲ. ಅವರು ಸೋಲಿನ ವರ್ಷಗಳಲ್ಲೂ ಕೈಬಿಡದ ಅದೇ ಪ್ರೀತಿಯವರು, ನಮ್ಮ ಕಟ್ಟೆಯ ಮೇಲಿನ ಹುಡುಗರಂಥವರು. ಜೂನ್ 3ನ್ನು ನೆನೆಯುವವರು ದಯವಿಟ್ಟು ಜೂನ್ 4ನ್ನೂ ನೆನೆಯಿರಿ, ನಿಮ್ಮ ದೇವರ ಹೆಸರು ಯಾವುದೇ ಇರಲಿ, ಆ ಹನ್ನೊಂದು ಮನೆಗಳಿಗಾಗಿ ಪ್ರಾರ್ಥಿಸಿರಿ.