ಸೋಗಿನ ಬಂಡಿ

ವೇಷವು ಎರಡು ಬಗೆಯಾಗಿರುವುದು. ಕಳಚಿಡುವುದಕ್ಕೆಂದೇ ತೊಡುವ ವೇಷವೊಂದು. ಒಮ್ಮೆ ತೊಟ್ಟಮೇಲೆ ಕಳಚಲೊಲ್ಲದ ವೇಷವಿನ್ನೊಂದು. ಮೊದಲನೆಯದನ್ನು ಜನರು ಸೋಗೆಂದು ಕರೆದು ನಗುವರು. ಎರಡನೆಯದಕ್ಕೆ ಕುಲ, ಪದವಿ, ಮನೆತನವೆಂದು ಹೆಸರಿಟ್ಟು ಕೈಮುಗಿಯುವರು. ಇವೆರಡರಲ್ಲಿ ಹುಸಿ ಯಾವುದೆಂಬ ಪ್ರಶ್ನೆಯು ಪಂಡಿತರ ಗೋಷ್ಠಿಗೆ ಮಾತ್ರ ಸೇರಿದುದಲ್ಲ. ಪ್ರತಿವರ್ಷ ಫಾಲ್ಗುಣದ ಹುಣ್ಣಿಮೆಯು ಸಮೀಪಿಸಿದಾಗ ಅದು ಸದ್ಗೃಹಸ್ಥನ ಮನೆಯ ಕಟ್ಟೆಯ ಮೇಲೆಯೇ ಬಂದು ಕೂಡುವುದು. ಓಣಿಯ ಹುಡುಗರು ವಂತಿಗೆಯ ಪುಸ್ತಕವನ್ನು ಹಿಡಿದು ಬರುವರು. ಮನೆಯ ಮಗನು ತಾನೂ ಬಂಡಿಯನ್ನೇರಿ ವೇಷ ಹಾಕುವೆನೆಂದು ಹಟ ಹಿಡಿಯುವನು. ಎದೆಯ ಮೇಲೆ ಲಿಂಗವನ್ನು ಧರಿಸಿದವನು ಮುಖಕ್ಕೆ ಬಣ್ಣ ಹಚ್ಚಿಕೊಂಡು ಬೀದಿಯಲ್ಲಿ ಮೆರೆಯಬಹುದೆ? ವೇಷಧಾರಿಗಳನ್ನು ಅಷ್ಟು ಕಠೋರವಾಗಿ ಖಂಡಿಸಿದ ಶರಣರ ಮಾರ್ಗದಲ್ಲಿ ನಡೆಯುವವರು ಸೋಗಿಗಾಗಿ ಹಣ ಕೊಡಬಹುದೆ?

ಈ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ದೂರ ಹೋಗಬೇಕಾದುದಿಲ್ಲ. ವಿಜಯಪುರದ ಜಲನಗರದಿಂದ ಹೊರಟು, ಕೊಲ್ಹಾರದ ಬಳಿ ಕೃಷ್ಣೆಯ ಹಿನ್ನೀರನ್ನು ದಾಟಿ ದಕ್ಷಿಣಕ್ಕೆ ನಡೆದರೆ ಘಟಪ್ರಭೆಯ ದಡದ ಬಾಗಲಕೋಟೆಯು ಸಿಗುವುದು. 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಅದು ವಿಜಯಪುರ ಜಿಲ್ಲೆಯದೇ ಊರು. ಅಲ್ಲಿಯ ಹೋಳಿಯು ಒಂದು ದಿನಕ್ಕೆ ಮುಗಿಯುವ ಹಬ್ಬವಲ್ಲ. ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆಗಳೆಂಬ ಹಳೆಯ ಊರಿನ ಭಾಗಗಳು ಸರದಿಯನ್ನು ಹಂಚಿಕೊಂಡು ಆಚರಿಸುವ ಹಲವು ದಿನಗಳ ಸಂಭ್ರಮವದು. ಕಾಮದಹನವಾಗುವುದು, ತುರಾಯಿ ಹಲಗೆಯ ಮೇಳಗಳು ಹೊರಡುವುವು, ದೊಡ್ಡ ಪೀಪಾಯಿಗಳಲ್ಲಿ ಬಣ್ಣದ ನೀರನ್ನು ತುಂಬಿಕೊಂಡ ಬಂಡಿಗಳು ಬೀದಿಗಿಳಿದು ಎದುರುಬದುರಾಗುವುವು. ಮೊದಲು ಎತ್ತಿನ ಬಂಡಿಗಳಿದ್ದಲ್ಲಿ ಈಗ ಟ್ರಾಕ್ಟರುಗಳು ಬಂದಿವೆ. ಇವೆಲ್ಲದರ ನಡುವೆ ಸಾಗುವುದು ಸೋಗಿನ ಬಂಡಿ.

ಸೋಗಿನ ಬಂಡಿಯೆಂದರೆ ನಡೆದಾಡುವ ರಂಗಸ್ಥಳ. ಅದರ ಮೇಲೆ ಪುರಾಣದ ಅಥವಾ ಇತಿಹಾಸದ ಒಂದು ಸನ್ನಿವೇಶವನ್ನು ನಿಲ್ಲಿಸಿರುವರು. ದೇವರು, ದಾನವರು, ಅರಸರು, ಸಂತರು ಎಲ್ಲರೂ ಆ ಓಣಿಯ ಮಕ್ಕಳೇ. ನೋಡುವವರಿಗೂ ಇದು ತಿಳಿದಿದೆ. ರಾವಣನ ಮೀಸೆಯ ಹಿಂದೆ ಇರುವವನು ಯಾವ ಅಂಗಡಿಯವನ ಮಗನೆಂದು ಬೆರಳಿಟ್ಟು ತೋರಿಸುವರು; ದೇವಿಯ ಕಿರೀಟದ ಕೆಳಗೆ ಚಿಗುರುಮೀಸೆಯನ್ನು ಕಂಡು ನಕ್ಕು, ಮರುಕ್ಷಣವೇ ಬಂಡಿಯು ಹತ್ತಿರ ಬಂದಾಗ ಅದೇ ದೇವಿಗೆ ಕೈಮುಗಿಯುವರು. ನಗೆಯೂ ನಮಸ್ಕಾರವೂ ಒಂದೇ ಮೋರೆಗೆ ಸಲ್ಲುವ ಈ ವಿಚಿತ್ರವನ್ನು ಕುರಿತು ಸ್ವಲ್ಪ ನಿಂತು ಯೋಚಿಸಬೇಕು. ಇಲ್ಲಿ ಮೋಸ ಹೋದವರು ಯಾರೂ ಇಲ್ಲ. ತೊಟ್ಟವನಿಗೂ ಗೊತ್ತು, ನೋಡಿದವನಿಗೂ ಗೊತ್ತು. ಇಬ್ಬರೂ ಅರಿತು ಒಪ್ಪಿಕೊಂಡ ಹುಸಿಗೆ ಸುಳ್ಳೆಂಬ ಹೆಸರು ಸಲ್ಲುವುದೆ?

ಶರಣರು ಈ ವಿಷಯದಲ್ಲಿ ಏನು ತೀರ್ಮಾನಿಸಿದರೆಂಬುದಕ್ಕೆ ಒಂದು ಜೀವಂತ ಸಾಕ್ಷಿಯುಂಟು. ಹನ್ನೆರಡನೆಯ ಶತಮಾನದ ಶರಣಸಮೂಹದಲ್ಲಿ ಬಹುರೂಪಿ ಚೌಡಯ್ಯನವರಿದ್ದರು. ನಾನಾ ವೇಷಗಳನ್ನು ಧರಿಸಿ ಜನರ ಮುಂದೆ ಆಡಿ ತೋರಿಸುವುದೇ ಅವರ ಕಾಯಕ. ‘ರೇಕಣ್ಣಪ್ರಿಯ ನಾಗಿನಾಥ’ ಎಂಬ ಅಂಕಿತದಲ್ಲಿ ಅವರ ವಚನಗಳು ದೊರೆತಿವೆ. ನಗಿಸುವುದನ್ನೇ ಕಾಯಕವಾಗಿ ಮಾಡಿಕೊಂಡಿದ್ದ ನಗೆಯ ಮಾರಿತಂದೆಗಳೂ ಅದೇ ಸಮೂಹದವರು. ಕಪಟವೇಷವನ್ನು ಎಂದೂ ಸಹಿಸದ ಬಸವಣ್ಣನವರ ಕಾಲದಲ್ಲಿ, ವೇಷ ಹಾಕಿಯೇ ಬದುಕಿದವರೊಬ್ಬರು ಶರಣರೆನಿಸಿ, ವಚನಕಾರರೆನಿಸಿ ಮಾನ್ಯರಾದುದು ಆಕಸ್ಮಿಕವಾಗಿರಲಾರದು. ಬಹುರೂಪಿಯು ಸಂಜೆಗೆ ಬಣ್ಣವನ್ನು ತೊಳೆದುಕೊಂಡು ತನ್ನ ಮುಖವನ್ನು ತಾನು ಕಾಣುವನು. ಹಾಗೆ ತೊಳೆದುಕೊಳ್ಳುವ ಅಭ್ಯಾಸವೇ ಇಲ್ಲದವನ ಗತಿಯೇನು?

ಕನ್ನಡ ನುಡಿಯೂ ಈ ಕಲಾವಿದರಿಗೆ ಒಂದು ಅನ್ಯಾಯವನ್ನು ಮಾಡಿದೆ. ಹಗಲುವೇಷದವರೆಂಬ ಸಂಚಾರಿ ಕಲಾವಿದರು ಈ ಸೀಮೆಯಲ್ಲಿ ಬಹುಕಾಲದಿಂದ ಇರುವರು. ದೀಪದ ಮಬ್ಬಿನಲ್ಲಿ ಅಲ್ಲ, ಪರದೆಯ ಮರೆಯಲ್ಲಿಯೂ ಅಲ್ಲ, ನಡುಹಗಲಿನಲ್ಲಿ ಎಲ್ಲರ ಕಣ್ಣೆದುರು ವೇಷದಲ್ಲಿ ನಿಲ್ಲುವುದರಿಂದ ಅವರಿಗೆ ಆ ಹೆಸರು. ಇಷ್ಟು ಪ್ರಾಮಾಣಿಕವಾದ ವೃತ್ತಿಯ ಹೆಸರನ್ನು ತೆಗೆದುಕೊಂಡು ಲೋಕವು ಡಾಂಭಿಕನನ್ನು ಬಯ್ಯುವುದಕ್ಕೆ ಬಳಸುತ್ತಿದೆ. ಡಾಂಭಿಕನು ತನ್ನದು ವೇಷವೆಂದು ಎಂದಾದರೂ ಹೇಳಿಕೊಂಡುದುಂಟೆ?

ಇನ್ನು ವಂತಿಗೆಯ ಮಾತು. ಬಂಡಿಯನ್ನು ಸಿಂಗರಿಸುವುದಕ್ಕೆ ಬಟ್ಟೆ, ಬಿದಿರು, ಕಾಗದ, ಬಣ್ಣ, ದೀಪಗಳು ಬೇಕು. ಒಂದು ಮೆರವಣಿಗೆಗಾಗಿ ಇಷ್ಟೆಲ್ಲ ಕೂಡಿಸಿ, ಮುಗಿದಮೇಲೆ ಕಿತ್ತುಹಾಕುವುದು ದುಂದಲ್ಲವೆ ಎಂದು ಕೇಳುವ ಹಿರಿಯರಿದ್ದಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಪುಣ್ಯಸ್ತ್ರೀ ಲಕ್ಕಮ್ಮನವರು ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿದ ಕಥೆಯನ್ನು ಅರಿಯದವರಿಲ್ಲ. ವಂತಿಗೆಯ ಪುಸ್ತಕವನ್ನು ಹಿಡಿದ ಹುಡುಗರು ಆ ತಾಯಿಯನ್ನು ನೆನೆದು ಬಡವನ ಬಾಗಿಲನ್ನು ತಟ್ಟಬೇಕು. ಎದುರುಮನೆಯವನು ಇಷ್ಟು ಬರೆಸಿದನೆಂದು ತೋರಿಸಿ, ನಾಚಿಸಿ ತೆಗೆದುಕೊಂಡ ಹಣವು ಕಾಣಿಕೆಯಾಗದು. ಆದರೆ ಖರ್ಚಾದುದೆಲ್ಲ ದುಂದೆಂಬುದೂ ಸರಿಯಲ್ಲ. ಬಡಿಗನು ಒಂದು ಸಂಜೆಯ ಕೆಲಸವನ್ನೂ, ಸಿಂಪಿಗನು ನಾಲ್ಕು ಹೊಲಿಗೆಯನ್ನೂ, ವ್ಯಾಪಾರಿಯು ಹತ್ತು ಗಜ ಬಟ್ಟೆಯನ್ನೂ, ಏನೂ ಇಲ್ಲದವನು ತನ್ನ ಹೆಗಲನ್ನೂ ಕೊಡುವಲ್ಲಿ ಯಾರ ಪಾಲೆಷ್ಟೆಂದು ಕಡೆಗೆ ಉಳಿಯುವುದಿಲ್ಲ. ಬಂಡಿಯ ಮೇಲೆ ಓಣಿಯ ಹೆಸರಿರುವುದೇ ಹೊರತು ದಾನಿಯ ಹೆಸರನ್ನು ಕೆತ್ತಿಸುವುದಕ್ಕೆ ಅಲ್ಲಿ ಕಲ್ಲೇ ಇಲ್ಲ.

ಈ ಮಾತಿಗೆ ಸೊನ್ನಲಿಗೆಯ ಸಿದ್ಧರಾಮನ ಪ್ರಸಂಗವು ಒದಗಿಬರುವುದು. ಸಂಕ್ರಾಂತಿಯಲ್ಲಿ ನಂದಿಧ್ವಜಗಳ ಮೆರವಣಿಗೆಯನ್ನು ಕಾಣುವ ವಿಜಯಪುರದ ಭಕ್ತರಿಗೆ ಆ ಹೆಸರು ಹೊಸದಲ್ಲ. ಸಾವಿರಾರು ಕೈಗಳನ್ನು ಕೂಡಿಸಿ ಕೆರೆಯನ್ನು ಕಟ್ಟಿಸುತ್ತಿದ್ದ ಸಿದ್ಧರಾಮನಿದ್ದಲ್ಲಿಗೆ ಅಲ್ಲಮಪ್ರಭುಗಳು ಬಂದು ಅವನನ್ನು ಒಡ್ಡನೆಂದು ಜರೆದುದನ್ನು ಶೂನ್ಯಸಂಪಾದನೆಯು ವಿವರಿಸುವುದು. ಕೆರೆಯ ನೀರು ಕೆಟ್ಟದೆಂದು ಪ್ರಭುಗಳ ಅಭಿಪ್ರಾಯವಾಗಿರಲಿಲ್ಲ. ಕಟ್ಟಿಸಿದವನು ತಾನೆಂಬ ಭಾವವು ಅವನ ಯೋಗಕ್ಕೆ ಅಡ್ಡವಾಗಿತ್ತು. ಸೋಗಿನ ಬಂಡಿಯನ್ನು ಕಟ್ಟಿದವನಿಗೆ ಆ ಭಾವವು ಬೆಳೆಯುವಷ್ಟು ಸಮಯವೇ ಸಿಗುವುದಿಲ್ಲ. ಕೆರೆಗಿಂತ ಬಂಡಿಯು ದೊಡ್ಡದೆಂದು ಇದರ ಅರ್ಥವಲ್ಲ. ಕೆರೆಯಿಂದ ಊರು ಬದುಕುವುದು, ಬಂಡಿಯಿಂದ ಊರು ನಗುವುದು. ಊರಿಗೆ ಎರಡೂ ಬೇಕಾಗಿವೆ.

ಹೋಳಿಯ ಹೆಸರಿನಲ್ಲಿ ನಡೆಯುವುದೆಲ್ಲವೂ ಒಳ್ಳೆಯದೆಂದು ಹೇಳುವಂತಿಲ್ಲ. ಕಾಮಣ್ಣನನ್ನು ಸುಡುವುದಕ್ಕೆ ಹುಡುಗರು ಕಟ್ಟಿಗೆಯನ್ನೂ ಕುಳ್ಳನ್ನೂ ಕದಿಯುವ ವಾಡಿಕೆಯುಂಟು. ಕಳವು ಕೂಡದೆಂಬುದು ಶರಣರ ಮೊದಲ ಪಾಠಗಳಲ್ಲೊಂದು. ಬಲ್ಲ ಗೃಹಿಣಿಯರು ಇದಕ್ಕೊಂದು ಉಪಾಯವನ್ನು ಕಂಡುಕೊಂಡಿರುವರು: ಒಂದು ಬುಟ್ಟಿ ಕುಳ್ಳನ್ನು ಬೇಕೆಂದೇ ಹೊರಗೆ ಬಿಟ್ಟು, ಕದ್ದುಹೋದಮೇಲೆ ಕೂಗಾಡುವರು. ಆ ಕಳವೂ ಸೋಗು, ಆ ಕೂಗೂ ಸೋಗು. ಆದರೆ ಬೇಡವೆಂದು ಬಾಗಿಲು ಹಾಕಿಕೊಂಡವರ ಮೇಲೆ ಬಣ್ಣವೆರಚುವುದು, ಗುರುತು ಸಿಗದ ಮೋರೆಯ ಮರೆಯಲ್ಲಿ ಹೆಣ್ಣುಮಕ್ಕಳನ್ನು ಕೆಣಕುವುದು, ಹಳೆಯ ಹಗೆಯನ್ನು ಬೈಗುಳದಲ್ಲಿ ತೀರಿಸಿಕೊಳ್ಳುವುದು — ಇವು ಸೋಗಲ್ಲ. ಎದುರಿಗಿರುವವರು ಈ ಆಟಕ್ಕೆ ಒಪ್ಪಿಯೇ ಇಲ್ಲ. ಇಂಥಲ್ಲಿ ಬಣ್ಣವು ಕಳ್ಳನ ಕರಿಕಂಬಳಿಯಾಗುವುದು. ತಂದೆಯಾದವನು ಮಗನಿಗೆ ಬಂಡಿಯನ್ನೇರಲು ಅಪ್ಪಣೆ ಕೊಡುವಾಗ ಈ ಗೆರೆಯನ್ನು ತೋರಿಸಿಯೇ ಕೊಡತಕ್ಕದ್ದು.

ಬೇರೆ ದೇಶಗಳಲ್ಲಿಯೂ ಈ ಬಗೆಯ ಹಬ್ಬಗಳಿವೆ. ಇಟಲಿಯಲ್ಲಿ ಕ್ರೈಸ್ತರ ನಲವತ್ತು ದಿನಗಳ ಉಪವಾಸಕಾಲವು ಮೊದಲಾಗುವ ಮುನ್ನ, ಹೆಚ್ಚುಕಡಮೆ ಮಾಘ ಫಾಲ್ಗುಣಗಳಲ್ಲಿ, ಕಾರ್ನೆವಾಲೆಯೆಂಬ ವೇಷದ ಹಬ್ಬವು ನಡೆಯುವುದು. ಸಮುದ್ರತೀರದ ವಿಯಾರೆಜ್ಜೊ ಪಟ್ಟಣದಲ್ಲಿ 1873ರಿಂದಲೂ ಸಿಂಗರಿಸಿದ ಬಂಡಿಗಳ ಮೆರವಣಿಗೆಯುಂಟು; 1925ರಿಂದ ಅಲ್ಲಿ ಕಾಗದವನ್ನು ಅಂಟಿನಲ್ಲಿ ನೆನೆಸಿ ಅಚ್ಚಿಗೆ ಹಾಕಿ ದೊಡ್ಡ ಗೊಂಬೆಗಳನ್ನು ಮಾಡತೊಡಗಿದರು. ಬೊಲೊನ್ಯಾ ನಗರದ ಹತ್ತಿರದ ಸಾನ್ ಜೊವಾನ್ನಿ ಇನ್ ಪೆರ್ಸಿಚೆತೊ ಎಂಬ ಚಿಕ್ಕ ಊರಿನ ಹಬ್ಬವು 1874ರಿಂದ ನಡೆದುಬಂದಿದೆ. ಅಲ್ಲಿ ಊರವರ ಸಂಘಗಳು ತಂತಮ್ಮ ಬಂಡಿಗಳನ್ನು ಗುಟ್ಟಾಗಿ ಕಟ್ಟುವುವು. ಬಂಡಿಯು ಚೌಕಕ್ಕೆ ಬರುವಾಗ ಒಂದು ರೂಪ. ಜನರ ಮುಂದೆ ನಿಂತಮೇಲೆ ಅದು ಬಿಚ್ಚಿಕೊಂಡು ಬೇರೊಂದು ರೂಪವನ್ನು ತಾಳಿ, ಒಳಗೆ ಅಡಗಿದ್ದ ಅರ್ಥವನ್ನು ತೋರುವುದು. ಹೊದಿಕೆಯು ತೆರೆದುಕೊಳ್ಳುವ ಕ್ಷಣಕ್ಕಾಗಿಯೇ ಊರೆಲ್ಲ ಕಾದಿರುವುದು. ಹಬ್ಬವು ಮುಗಿದ ಬುಧವಾರ ಅವರು ಗುಡಿಗೆ ಹೋಗಿ ತಲೆಯ ಮೇಲೆ ಬೂದಿಯನ್ನು ಹಾಕಿಸಿಕೊಳ್ಳುವರು. ಹಿಂದಿನ ವರ್ಷ ಹರಸಿದ ಗರಿಗಳನ್ನು ಸುಟ್ಟು ಮಾಡಿದ ಬೂದಿಯದು. ನರನು ಮಣ್ಣಿನಿಂದ ಬಂದವನು, ಮಣ್ಣಿಗೆ ಮರಳುವವನು ಎಂಬುದನ್ನು ಅದು ನೆನಪಿಸುವುದು. ದಿನವೂ ಹಣೆಗೆ ವಿಭೂತಿಯನ್ನು ಧರಿಸುವವರಿಗೆ, ಕಾಮದಹನದ ಬೂದಿಯನ್ನು ಕಂಡವರಿಗೆ, ಆ ಬುಧವಾರದ ಭಾವವನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಈಗ ಕಠಿನವಾದ ಪ್ರಶ್ನೆಗೆ ಬರಬೇಕು. ಬಾಗಲಕೋಟೆಯ ಹೋಳಿಯಲ್ಲಿ ಎಲ್ಲ ಜಾತಿಯವರೂ ಹಲಗೆಯನ್ನು ಹಿಡಿಯುವರೆಂಬುದು ಆ ಊರಿನ ಹೆಮ್ಮೆ. ಅದು ಹೆಮ್ಮೆಪಡತಕ್ಕ ಸಂಗತಿಯೇ ಸರಿ. ಹಲಗೆಯು ಚರ್ಮವಾದ್ಯ. ಚರ್ಮವನ್ನು ಹದಮಾಡಿದ ಕೈಗಳನ್ನೂ, ಹಲಗೆಯನ್ನು ಬಾರಿಸಲೇಬೇಕೆಂಬ ಕಟ್ಟಳೆಗೆ ಒಳಗಾದ ಕೈಗಳನ್ನೂ ಈ ನಾಡಿನ ಹಳ್ಳಿಗಳು ಶತಮಾನಗಳ ಕಾಲ ಊರ ಹೊರಗೆ ಇರಿಸಿದ್ದುವು. ಹಬ್ಬದ ದಿನ ಶ್ರೀಮಂತನ ಮಗನು ಅದೇ ಹಲಗೆಯನ್ನು ಎದೆಗಾನಿಸಿಕೊಂಡು ಬಾರಿಸುವನು. ಕೂಲಿಯವನು ಬಂಡಿಯ ಮೇಲೆ ಚಕ್ರವರ್ತಿಯಾಗಿ ಕುಳಿತಿರುವನು. ಬಣ್ಣದಲ್ಲಿ ಮಿಂದವರ ಕುಲವನ್ನು ಯಾರೂ ಗುರುತಿಸಲಾರರು. ಹಬ್ಬವು ಕಳೆದ ಮರುದಿನ ಎಲ್ಲರೂ ಮೈ ತಿಕ್ಕಿ ತೊಳೆದುಕೊಂಡು ತಂತಮ್ಮ ಮೊದಲಿನ ಸ್ಥಾನಕ್ಕೆ ಮರಳುವರು. ಹಾಗಾದರೆ ಆ ಸಮಾನತೆಯೂ ಒಂದು ಸೋಗಾಗಿತ್ತೆ?

ಹೌದೆನ್ನುವವರು ಇಬ್ಬಗೆಯವರು. ಹಬ್ಬವನ್ನು ಹಾಗೆಯೇ ಇರಲಿ, ಮನೆಯನ್ನು ಹಾಗೆಯೇ ಇರಲಿ ಎಂದು ಎರಡನ್ನೂ ಬೇರೆ ಬೇರೆ ಇಟ್ಟು ನೆಮ್ಮದಿಯಾಗಿರುವವರು ಒಬ್ಬರು. ಇಂಥ ಹಬ್ಬದಿಂದ ಪ್ರಯೋಜನವಿಲ್ಲ, ಅದು ಕಣ್ಣೊರೆಸುವ ಉಪಾಯವೆಂದು ಬೇಸರಪಡುವವರು ಇನ್ನೊಬ್ಬರು. ಎರಡನೆಯವರ ಬೇಸರಕ್ಕೆ ಕಾರಣವಿದೆ. ಆದರೆ ಇಬ್ಬರೂ ಒಂದು ಸಂಗತಿಯನ್ನು ಪರೀಕ್ಷಿಸದೆ ಒಪ್ಪಿಕೊಂಡಿರುವರು: ವರ್ಷದ ಉಳಿದ ದಿನಗಳದು ನಿಜಮುಖವೆಂದು. ಶರಣರ ದೃಷ್ಟಿಯಿಂದ ನೋಡಿದರೆ ಲೆಕ್ಕವು ತಿರುಗುಮುರುಗಾಗುವುದು. ಹುಟ್ಟುವಾಗ ಯಾವ ಕೂಸೂ ಕುಲವನ್ನು ಮೈಮೇಲೆ ಬರೆದುಕೊಂಡು ಬರುವುದಿಲ್ಲ. ಆಮೇಲೆ ಪರರು ತೊಡಿಸಿದುದು, ತಾನು ಮರೆತು ತೊಟ್ಟುಕೊಂಡುದು, ಅದೇ ಬಹುಕಾಲದ ಸೋಗು. ಬಣ್ಣದ ನೀರು ಆ ಹಳೆಯ ಬಣ್ಣವನ್ನು ನಾಲ್ಕು ತಾಸಿನ ಮಟ್ಟಿಗೆ ಅಳಿಸಿದಾಗ ಕಂಡುದೇ ನಿಜಮುಖವೇಕಾಗಿರಬಾರದು? ಹಾಗೆ ಕಂಡಮೇಲೆ ಮರುದಿನ ಸಾಬೂನು ಹಚ್ಚಿ ತೊಳೆಯುವವನು ಯಾವುದನ್ನು ತೊಳೆದುಕೊಳ್ಳುತ್ತಿರುವನು, ಯಾವುದನ್ನು ಮತ್ತೆ ಬಳಿದುಕೊಳ್ಳುತ್ತಿರುವನು ಎಂಬುದನ್ನು ಅವನೇ ಹೇಳಬೇಕು.

ಕೃಷ್ಣೆಗೆ ಆಲಮಟ್ಟಿಯಲ್ಲಿ 1964ರಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಬಿದ್ದಿತು. ಮುಂದೆ ಅದರ ಹಿನ್ನೀರು ಹಳೆಯ ಬಾಗಲಕೋಟೆಯ ತಗ್ಗಿನ ಭಾಗಗಳನ್ನು ನುಂಗಿತು. ತಲೆಮಾರುಗಳಿಂದ ಬಾಳಿದ ಮನೆಗಳನ್ನು ಬಿಟ್ಟು ಜನರು ನವನಗರಕ್ಕೆ ನಡೆದರು. ಗೋಡೆಗಳು ಹೋದುವು, ಕಟ್ಟೆಗಳು ಹೋದುವು, ನೆರೆಹೊರೆಯು ಚದುರಿತು. ಹೋಳಿಯ ಬಂಡಿಗಳು ಮಾತ್ರ ನಿಲ್ಲಲಿಲ್ಲ. ಹಳೆಯ ಪೇಟೆಗಳ ಹೆಸರು ಹಬ್ಬದ ಸರದಿಯಲ್ಲಿ ಇಂದಿಗೂ ಉಳಿದುಬಂದಿದೆ, ನವನಗರ ವಿದ್ಯಾಗಿರಿಗಳಲ್ಲಿಯೂ ಬಣ್ಣದಾಟವು ನಡೆದಿದೆ. ಸ್ಥಾವರ ಜಂಗಮಗಳ ವಿಚಾರವನ್ನು ಬಲ್ಲವರಿಗೆ ಇಲ್ಲಿ ವ್ಯಾಖ್ಯಾನವು ಬೇಕಿಲ್ಲ.

ಹಬ್ಬವು ಮುಗಿಯುವುದು. ಬಂಡಿಯ ಬಿದಿರನ್ನು ಬಿಚ್ಚುವರು, ಹಗ್ಗವನ್ನು ಸುತ್ತಿಡುವರು. ಅದೇ ಬಂಡಿಯು ಗಾಲಿಗಳಿಗೆ ಬಣ್ಣ ಮೆತ್ತಿಕೊಂಡಿರುವಂತೆಯೇ ಗೊಬ್ಬರವನ್ನು ಹೇರಿಕೊಂಡು ಹೊಲಕ್ಕೆ ಹೋಗುವುದು. ಸೋಗಿಗಾಗಿ ಮನೆಗಳಿಂದ ಎರವಲು ತಂದ ಸೀರೆ ಶಲ್ಯಗಳನ್ನು ಮಡಿಚಿ ಹಿಂದಿರುಗಿಸುವುದು ಹುಡುಗರ ಪಾಲಿನ ಕಡೆಯ ಕೆಲಸ. ನಿನ್ನೆ ಪಾರ್ವತಿಯಾಗಿ ಆ ರೇಷ್ಮೆಸೀರೆಯನ್ನು ಉಟ್ಟಿದ್ದ ಬಡ ಹುಡುಗನು ಇಂದು ಅದನ್ನು ಎರಡು ಕೈಯಲ್ಲಿ ಹಿಡಿದು ದೊಡ್ಡ ಮನೆಯ ಮುಂದೆ ನಿಂತಿರುವನೆಂದು ಭಾವಿಸೋಣ. ಒಳಗಿನಿಂದ ಯಜಮಾನಿತಿಯು ಬರುವಳು. ಸೀರೆಯನ್ನು ಹೊಸ್ತಿಲಿನ ಹೊರಗೇ ಇಡೆಂದು ಹೇಳುವಳೋ, ಒಳಗೆ ಬಾರಪ್ಪಾ, ನೀರು ಕುಡಿದು ಹೋಗೆಂದು ಕರೆಯುವಳೋ?